ಅಣ್ಣನ ಕಾಲಿಗೆ ಅರ್ಧ ಕುದುರೆ

ನನ್ನ ಮೇಜಿನ ಮೇಲೆ, ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿ, ಒಂದು ಅಲ್ಯೂಮಿನಿಯಂ ಡಬ್ಬಿ ಇದೆ. ಅಂಗೈಯಷ್ಟು ಉದ್ದ, ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪ. ಒಂದು ತುದಿಯಿಂದ ಎರಡು ವಯರುಗಳು ಮೀಸೆಯ ಹಾಗೆ ಹೊರಗೆ ಬಂದಿವೆ. ಮನೆಗೆ ಬಂದವರು ಅದನ್ನು ಎತ್ತಿ ನೋಡದೆ ಹೋಗುವುದಿಲ್ಲ. ಒಬ್ಬರು ನಶ್ಯದ ಡಬ್ಬಿಯೇ ಎಂದು ಕೇಳಿದರು. ಇನ್ನೊಬ್ಬರು, ನಾನು ಮುಂಬಯಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ಎಂಬುದು ಥಟ್ಟನೆ ನೆನಪಾಗಿ, "ಸಿಸ್ಟ್ರಕ್ಕ, ಇದ್ ಯಾರ್ ಹೊಟ್ಟಿಯಿಂದ ತೆಗ್ದದ್?" ಎಂದು ಡಬ್ಬಿಯನ್ನು ಕೆಳಗಿಟ್ಟು ಕೈ ಒರೆಸಿಕೊಂಡರು.

ಅದು ಕೆಪಾಸಿಟರು. ಊರಿನವರ ಬಾಯಲ್ಲಿ ಕಂಡೆನ್ಸರ್. ನಮ್ಮ ಕೊಟ್ಟಿಗೆಯಲ್ಲಿ ಮರ ಕಡೆಯುವ ಲೇತು ಇದೆ. ಅದರ ಮೋಟಾರಿನ ಬೆನ್ನ ಮೇಲೆ ಇದು ವರ್ಷಾನುಗಟ್ಟಲೆ ಕೂತಿತ್ತು. ಹೋದ ವಾರ ಕೈಕೊಟ್ಟಿತು. ಹೊಸದು ಹಾಕಲು ಬಂದ ವಯರ್‌ಮನ್ ಹಳೆಯದನ್ನು ತೆಂಗಿನ ಬುಡಕ್ಕೆ ಎಸೆಯಲು ಕೈ ಎತ್ತಿದ್ದ. "ಇಲ್ಲಿ ಕೊಡಿ" ಎಂದೆ. ನನ್ನ ದನಿಯಲ್ಲಿ ಇನ್ನೂ ಹಳೆಯ ವಾರ್ಡು ಉಳಿದಿರಬೇಕು, ಆತ ಎರಡೂ ಕೈಯಲ್ಲಿ ಕೊಟ್ಟ.

ಆ ಮೋಟಾರನ್ನು ಆರಿಸಿದವಳು ನಾನು. ಇದನ್ನು ಹೇಳುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ, ಕ್ಷಮಿಸಬೇಕು. ಸೀರೆ ಆರಿಸಿದ ಕಥೆಯನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ, ಅಳಿಯನನ್ನು ಆರಿಸಿದ ಕಥೆಯನ್ನೂ ಕೇಳಿರುತ್ತೀರಿ. ಮೋಟಾರು ಆರಿಸಿದ ಕಥೆ ಹೇಳುವ ಮುದುಕಿ ನಿಮಗೆ ಈವರೆಗೆ ಸಿಕ್ಕಿರಲಿಕ್ಕಿಲ್ಲ. ಸಿಕ್ಕಿದ್ದೇನೆ, ಕೂತುಕೊಳ್ಳಿ.

ನಮ್ಮದು ಬಾರ್ಕೂರಿನ ಹತ್ತಿರ ಮರಗೆಲಸದವರ ಮನೆ. ಅಪ್ಪಯ್ಯನ ಲೇತು ಕಾಲಿನಿಂದ ತುಳಿಯುವಂಥದ್ದು. ಕೆಳಗೆ ಒಂದು ಹಲಗೆ. ಅದನ್ನು ಪಾದದಿಂದ ತುಳಿದರೆ ದೊಡ್ಡ ಗಾಲಿ ತಿರುಗುತ್ತದೆ, ದೊಡ್ಡ ಗಾಲಿ ಪಟ್ಟಿಯ ಮೂಲಕ ಮೇಲಿನ ಸಣ್ಣ ಗಾಲಿಯನ್ನು ತಿರುಗಿಸುತ್ತದೆ, ಸಣ್ಣ ಗಾಲಿ ಮರವನ್ನು. ತಿರುಗುವ ಮರಕ್ಕೆ ಉಳಿ ಹಿಡಿದರೆ ಗುಂಡಾದ ಕಂಬ, ಬುಗುರಿ, ಲಟ್ಟಣಿಗೆ, ತೊಟ್ಟಿಲಿನ ಸಣ್ಣ ಸಣ್ಣ ಕಾಲುಗಳು ಹೊರಬರುತ್ತವೆ. ನಮ್ಮ ಮನೆಯ ತೊಟ್ಟಿಲುಗಳು ಬೈಂದೂರಿನವರೆಗೂ ಹೋಗಿವೆ. ಅಪ್ಪಯ್ಯನ ಕಾಲಿನ ಲಯಕ್ಕೆ ನಾವು ಮಕ್ಕಳು ನಿದ್ದೆ ಹೋಗುತ್ತಿದ್ದೆವು. ಬೇರೆ ಮನೆಯಲ್ಲಿ ತೊಟ್ಟಿಲು ತೂಗಿ ಮಲಗಿಸಿದರೆ ನಮ್ಮಲ್ಲಿ ತೊಟ್ಟಿಲು ಮಾಡುವ ಸದ್ದಿಗೇ ಮಲಗುವುದು.

ಹಲಸಿನ ಮರ ಕಡೆಯುವಾಗ ಹಳದಿ ಸುರುಳಿ ಬರುತ್ತದೆ, ನೋಡಿದ್ದೀರಾ? ಉಳಿ ಹರಿತವಾಗಿದ್ದರೆ ಅದು ತುಂಡಾಗದೆ ಮೊಳದುದ್ದ ಬರುತ್ತದೆ. ನಾನು ಅದನ್ನು ಕೈಗೆ ಸುತ್ತಿಕೊಂಡು ಬಳೆ ಎಂದು ಶಾಲೆಗೆ ಹೋಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಳೆ ಒಣಗಿ ಪುಡಿಯಾಗುತ್ತಿತ್ತು. ಹಳದಿ ಮಾತ್ರ, ಮದುವೆ ಮನೆಯ ಅರಿಸಿನದ ಹಾಗೆ, ಕೈಯಲ್ಲಿ ಉಳಿಯುತ್ತಿತ್ತು. "ಮದಿ ಮನಿಗ್ ಹೋಯ್ದ್ಯಾ?" ಎಂದು ಮೇಷ್ಟ್ರು ಕೇಳುತ್ತಿದ್ದರು.

ಅಪ್ಪಯ್ಯನ ನಂತರ ಅಣ್ಣ ಆ ಹಲಗೆಯ ಮೇಲೆ ಕಾಲಿಟ್ಟ. ನಾನು ನರ್ಸಿಂಗ್ ಕಲಿಯಲು ಮುಂಬಯಿಗೆ ಹೋದೆ. ಮದುವೆ ನಮ್ಮಿಬ್ಬರಿಗೂ ಆಗಲಿಲ್ಲ. ಅವನಿಗೆ ಮರವೊಂದೇ ಸಾಕಿತ್ತು, ನನಗೆ ವಾರ್ಡೊಂದೇ ಸಾಕಿತ್ತು. ಊರಿಗೆಲ್ಲ ತೊಟ್ಟಿಲು ಮಾಡಿದ ಮನೆಯಲ್ಲಿ ತೊಟ್ಟಿಲು ಕಟ್ಟಲು ಕಾರಣ ಹುಟ್ಟಲಿಲ್ಲ.

ತೊಂಬತ್ತೇಳರಲ್ಲಿ ನಿವೃತ್ತಳಾಗಿ ಊರಿಗೆ ಬಂದೆ. ಆಸ್ಪತ್ರೆ ನನ್ನನ್ನು ಬಿಟ್ಟಿತು, ನಾನು ಅದನ್ನು ಬಿಡಲಿಲ್ಲ. ಬೆಳಿಗ್ಗೆ ಎದ್ದು ಮನೆಯಲ್ಲಿ ಒಂದು ರೌಂಡು. ದಿಂಬಿನ ಚೀಲದ ಬಾಯಿ ಬಾಗಿಲಿನ ಕಡೆಗೆ ತೆರೆದಿರಬಾರದು. ನೀರಿನ ಚೊಂಬಿನ ಕೊರಳು ಹೊಳೆಯಬೇಕು. ಮೈ ಒರೆಸುವ ಬೈರಾಸು ಮೂರು ಮಡಿಕೆ. ಅಣ್ಣ ಹಾಸಿಗೆಯಿಂದಲೇ ಕೂಗುತ್ತಿದ್ದ: "ಮೇಟ್ರನ್ ಬಂತ್! ಎಲ್ಲಾ ಸಮಾ ಮನ್ಕಣಿ!" ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನನ್ನ ಶಿಸ್ತಿಗೆ ಸಿಕ್ಕ ರೋಗಿ ಅವನೊಬ್ಬನೇ, ಅವನಿಗೆ ರೋಗವೇ ಇರಲಿಲ್ಲ. ಕೆಲವು ವರ್ಷಗಳ ನಂತರ ಅದೂ ಬಂತು.

ಬಂದದ್ದು ಬಲ ಮೊಣಕಾಲಿಗೆ. ಇಷ್ಟು ಕಾಲ ತುಳಿದ ಕಾಲು, ಒಂದು ಮಳೆಗಾಲದ ಸುರುವಿಗೆ ಊದಿಕೊಂಡು ಸಿಟ್ಟು ಮಾಡಿತು. ಡಾಕ್ಟರು ತುಳಿಯಲೇಬಾರದು ಎಂದರು. ಅಣ್ಣ ಮನೆಗೆ ಬಂದವನೇ ಜಗಲಿಯಲ್ಲಿ ಬಟ್ಟೆಯ ಆರಾಮ ಕುರ್ಚಿ ಬಿಡಿಸಿ ಕೂತ. ನಿಮಗೆ ಗೊತ್ತಲ್ಲ, ಎರಡು ದುಂಡು ಕೋಲುಗಳಿಗೆ ದಪ್ಪ ಬಟ್ಟೆ ಸಿಕ್ಕಿಸಿರುವ ಕುರ್ಚಿ. ಕೂತವನು ಎದ್ದೇಳಲು ಇಬ್ಬರು ಬೇಕು. ಆ ಕುರ್ಚಿಯೂ ಅವನೇ ಮಾಡಿದ್ದು.

ಆ ದಿನಗಳಲ್ಲೇ ಕೊಕ್ಕರ್ಣೆಯಿಂದ ಗಿರಿಜಕ್ಕ ಬಂದರು. ಹಳೆಯ ಗಿರಾಕಿಗಳ ಮನೆಯವರು, ಗಟ್ಟಿ ದನಿಯ ಹೆಂಗಸು.

"ಆಚಾರ್ರೆ, ನಮ್ಮ ಹೆಣ್ಣ್ ಬಸ್ರಿ, ಮೂರ್ ತಿಂಗ್ಳ್. ತೊಟ್ಲ್ ನಿಮ್ಮ ಕೈದೇ ಆಯ್ಕ್. ನಾನ್ ಮನ್ಗಿದ್ದ್ ನಿಮ್ಮ ಅಪ್ಪಯ್ಯ ಮಾಡಿದ್ ತೊಟ್ಲಂಗೆ, ನನ್ನ ಮಗ್ಳ್ ಮನ್ಗಿದ್ದೂ ಅದ್ರಂಗೆ. ಅದ್ನ ಒರ್ಲಿ ತಿಂದ್ ಮುಗ್ಸಿತ್."

ಅಣ್ಣ ಕುರ್ಚಿಯಿಂದ ಏಳದೆ ಹೇಳಿದ: "ಈಗ ಸ್ಟೀಲಿಂದ್ ಚಂದ ಚಂದದ್ ಸಿಕ್ಕತ್ತ್ ಗಿರಿಜಕ್ಕ. ಕುಂದಾಪ್ರದಂಗೆ ತಕಣಿ."

ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಕೈ ನಿಂತಿತು. ಈ ಮನುಷ್ಯ ಸ್ಟೀಲಿನ ತೊಟ್ಟಿಲನ್ನು ಕಂಡಾಗಲೆಲ್ಲ, "ಅದ್ ತೊಟ್ಲಲ್ಲ, ಪಾತ್ರಿ ತೊಳ್ದ್ ಮಗ್ಚಿ ಇಡೂ ಸ್ಟ್ಯಾಂಡ್" ಎಂದು ಹೇಳಿಕೊಂಡು ಬಂದವನು. ನಾಮಕರಣದ ಊಟಕ್ಕೆ ಹೋದ ಮನೆಯಲ್ಲೇ ಇದನ್ನು ಹೇಳಿ ನನ್ನ ಮುಖ ಕೆಂಪು ಮಾಡಿದವನು. ಅಂಥವನ ಬಾಯಲ್ಲಿ ಸ್ಟೀಲ್ ಚಂದ ಎಂಬ ಮಾತು! ಎಷ್ಟೋ ವಾರ್ಡು ನೋಡಿದವಳು ನಾನು. ಜ್ವರ ಏರಿದ ರೋಗಿಗೆ ನಾನು ಹೆದರುತ್ತಿರಲಿಲ್ಲ. ಊಟ ಹೇಗಿದೆ ಎಂದರೆ "ಪರವಾಗಿಲ್ಲ", ಹೊರಗೆ ಕರೆದುಕೊಂಡು ಹೋಗಲೇ ಎಂದರೆ "ಯಾಕೆ ಬಿಡಿ" ಎನ್ನುವವನಿಗೆ ಹೆದರುತ್ತಿದ್ದೆ. ಗಂಡಸರು ಹಾಗೆ ಒಮ್ಮೆ ಕೂತರೆ ಏಳುವುದಿಲ್ಲ.

ಅಂದೇ ತೀರ್ಮಾನಿಸಿದೆ. ಅಣ್ಣನನ್ನು ಆ ಕುರ್ಚಿಯಿಂದ ಎಬ್ಬಿಸಿ ಲೇತಿನ ಮುಂದೆ ನಿಲ್ಲಿಸಬೇಕು. ಕಾಲು ತುಳಿಯಲಾರದಾದರೆ ಮೋಟಾರು ತಿರುಗಿಸಲಿ.

"ಮೋಟಾರಾ?" ಅಣ್ಣ ಕಣ್ಣು ಸಣ್ಣ ಮಾಡಿದ. "ನಾನ್ ಕಾಲ್ ನಿಲ್ಸಿದ್ರೆ ಮರ ನಿಲ್ಲತ್ತ್. ಉಳಿ ಸಿಕ್ಕಿಬಿತ್ತ್ ಅಂದೇಳಿ ಆರೆ ಕಾಲಿಗ್ ಮೊದ್ಲ್ ಗೊತ್ತಾತ್ತ್. ನಿನ್ನ ಮೋಟಾರ್ ನಿಲ್ಸುಕೆ ಗ್ವಾಡಿ ಹತ್ರ ಓಡ್ಕಾ, ಈ ಕಾಲಂಗೆ?"

ಪ್ರಶ್ನೆ ಸರಿಯಾಗಿತ್ತು, ಸ್ವಿಚ್ಚು ಇದ್ದದ್ದು ಆಚೆ ಗೋಡೆಯಲ್ಲಿ. ಆದರೆ ಆಗ ನನಗೆ ಉತ್ಸಾಹ ಹೆಚ್ಚು, ತಾಳ್ಮೆ ಕಡಿಮೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಮಳೆಗಾಲ ಬಂತೆಂದರೆ ನೀರು ಎತ್ತುವ ಕೆಲಸವಿಲ್ಲ, ಪಂಪಿನ ಮೋಟಾರಿಗೆ ರಜೆ. ಆ ರಜೆಯಲ್ಲಿ ಅದು ನೆಂಟರ ಮನೆಗೆ ಹೋಗುತ್ತದೆ. ಒಬ್ಬರು ಅದನ್ನು ಕಟ್ಟಿ ಮಸಾಲೆ ಅರೆಯುವ ಕಲ್ಲು ತಿರುಗಿಸುತ್ತಾರೆ, ಇನ್ನೊಬ್ಬರು ಕತ್ತಿ ಮಸೆಯುವ ಸಾಣೆ ತಿರುಗಿಸುತ್ತಾರೆ. ದೀಪಾವಳಿ ಕಳೆದ ಮೇಲೆ ಒರೆಸಿ, ಎಣ್ಣೆ ಬಿಟ್ಟು, ಒಂದು ಪಡಿ ಅವಲಕ್ಕಿಯ ಜೊತೆ ಹಿಂದಿರುಗಿಸುತ್ತಾರೆ. ಮೋಟಾರೆಂದರೆ ಮೋಟಾರು, ತಿರುಗಿದರೆ ಆಯಿತು ಎಂಬುದು ಎಲ್ಲರ ನಂಬಿಕೆ. ನಮ್ಮ ನೆರೆಮನೆಯ ನಾರಾಯಣಣ್ಣನದೂ ಅದೇ ನಂಬಿಕೆ.

"ಮಳಿಗಾಲ್ದಂಗೆ ಅದ್ಕೆಂತ ಕೆಲ್ಸ ಸಿಸ್ಟ್ರಕ್ಕ? ಬರೀ ನಿದ್ರಿ. ತಕಂಡ್ ಹೋಯ್ನಿ. ಎರಡ್ ಕುದ್ರಿದ್, ಆನಿ ಕಟ್ಟಿರೂ ಎಳ್ದ್ ಬಿಸಾಡತ್ತ್" ಎಂದು ತಾವೇ ಹೊತ್ತು ತಂದರು. ಬಾವಿಕಟ್ಟೆಯಲ್ಲಿ ಬೆಲ್ಟು ಹಾಕಿ ಪಂಪು ತಿರುಗಿಸುವ, ಎರಡು ಅಶ್ವಶಕ್ತಿಯ ದೊಡ್ಡ ಮೋಟಾರು. ಅದರಿಂದ ನೇರ ಲೇತಿನ ಸಣ್ಣ ಗಾಲಿಗೆ ಬೆಲ್ಟು ಕೊಟ್ಟೆವು. ಅಣ್ಣನೂ ಆರಾಮ ಕುರ್ಚಿಯನ್ನು ಕೊಟ್ಟಿಗೆಗೆ ಎಳೆದುಕೊಂಡು ಬಂದ, ನಾಟಕ ನೋಡುವವರ ಹಾಗೆ ಕಾಲು ನೀಡಿ ಕೂತ. ಲೇತಿಗೆ ಹಲಸಿನ ಒಂದು ತುಂಡು ಸಿಕ್ಕಿಸಿ, ದೂರ ನಿಂತು, ನಾರಾಯಣಣ್ಣ ಸ್ವಿಚ್ಚು ಒತ್ತಿದರು.

ಇಲ್ಲಿ ನಾವು ಮರೆತದ್ದು ಏನೆಂದರೆ, ಕಾಲಿನ ಲೇತನ್ನು ಮಾಡುವುದೇ ನಿಧಾನವನ್ನು ವೇಗ ಮಾಡಲು. ಕಾಲು ನಿಧಾನ, ಅದಕ್ಕೆ ಕೆಳಗೆ ದೊಡ್ಡ ಗಾಲಿ, ಮೇಲೆ ಸಣ್ಣದು. ಪಂಪಿನ ಮೋಟಾರೋ ಹುಟ್ಟಿನಿಂದಲೇ ಓಟಗಾರ, ನಿಮಿಷಕ್ಕೆ ಎರಡು ಸಾವಿರದ ಎಂಟುನೂರು ಚಿಲ್ಲರೆ ಸುತ್ತು. ಅದನ್ನು ಸಣ್ಣ ಗಾಲಿಗೆ ಕಟ್ಟಿದರೆ ಏನಾಗಬೇಕೋ ಅದೇ ಆಯಿತು. ಲೇತು ಒಮ್ಮೆ ಕಿರುಚಿತು. ಮರದ ತುಂಡು ಕಾಣಿಸಲಿಲ್ಲ. ಮೇಲೆ ಹಂಚು ಒಡೆದ ಸದ್ದು ಕೇಳಿತು, ತುಂಡು ಹೊರಗೆ ನಾರಾಯಣಣ್ಣ ಹುಲ್ಲು ಒಟ್ಟಿದ ಕುತ್ರಿಯ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಒಡೆದ ಹಂಚಿನ ಸಂದಿಯಿಂದ ಮಳೆ ಇಳಿಯತೊಡಗಿತು, ಸರಿಯಾಗಿ ಅಣ್ಣನ ನೆತ್ತಿಗೆ.

ಅಣ್ಣ ಕುರ್ಚಿ ಸರಿಸಲಿಲ್ಲ. ಪಕ್ಕದಲ್ಲಿದ್ದ ಕೊಡೆ ತೆಗೆದು, ಬಿಡಿಸಿ, ಅದರ ಅಡಿಯಲ್ಲಿ ಕೂತೇ ಇದ್ದ.

"ಆನಿ ಹೋಯ್ತಾ, ನಾರಾಯಣ?" ಎಂದ.

ನಾರಾಯಣಣ್ಣ ಮೋಟಾರು ಬಿಚ್ಚಿಕೊಂಡು ಹೋದರು. ಅಣ್ಣ ಕುರ್ಚಿಯನ್ನು ಮತ್ತೆ ಜಗಲಿಗೆ ಒಯ್ದ. ಈ ಸಲ ಕೊಟ್ಟಿಗೆಗೆ ಬೆನ್ನು ಹಾಕಿ ಇಟ್ಟ.

ನಾನು ಸೋತೆ ಎಂದುಕೊಂಡಿರಾ? ಆಸ್ಪತ್ರೆಯಲ್ಲಿ ಒಂದು ಔಷಧಿ ಹಿಡಿಸದಿದ್ದರೆ ರೋಗಿಯನ್ನು ಮನೆಗೆ ಕಳಿಸುವುದಿಲ್ಲ, ಔಷಧಿ ಬದಲಾಯಿಸುತ್ತಾರೆ. ನಾನು ಹಂಚು ಸರಿ ಮಾಡಿಸಿ, ಲೇತಿನ ಮುಂದೆ ಒಂದು ಮಣೆ ಹಾಕಿಕೊಂಡು ಕೂತು, ಮೊದಲಿನಿಂದ ಯೋಚಿಸಿದೆ.

ಮೋಟಾರು ನನಗೆ ಹೊಸತಲ್ಲ. ನಮ್ಮ ಹಳೆಯ ವಾರ್ಡಿನಲ್ಲಿ ಕೆಲವು ಫ್ಯಾನುಗಳಿದ್ದವು. ಸ್ವಿಚ್ಚು ಹಾಕಿದರೆ ಗುಂಯ್ ಎನ್ನುತ್ತಿದ್ದವು, ತಿರುಗುತ್ತಿರಲಿಲ್ಲ. ಆಯಾ ಮಂಚ ಹತ್ತಿ ಕಸಬರಿಕೆಯ ಹಿಡಿಯಿಂದ ಒಂದು ತಳ್ಳು ಕೊಟ್ಟರೆ ಮತ್ತೆ ಸಂಜೆಯವರೆಗೂ ಗಾಳಿ. ರಿಪೇರಿಗೆ ಬರುತ್ತಿದ್ದ ಮರಾಠಿ ವಯರ್‌ಮನ್ನನ್ನು ನಾನು ಕೇಳದೆ ಬಿಡುತ್ತಿರಲಿಲ್ಲ. ಮನೆಗೆ ಬರುವ ಎರಡು ತಂತಿಯ ಕರೆಂಟು, ಸಿಂಗಲ್ ಫೇಸು ಎನ್ನುತ್ತಾರಲ್ಲ, ಅದಕ್ಕೆ ತಿರುಗುತ್ತಿರುವುದನ್ನು ತಿರುಗಿಸುವುದು ಸುಲಭ. ನಿಂತದ್ದನ್ನು ತಿರುಗಿಸಲು ಬಾರದು. ಯಾರಾದರೂ ಮೊದಲ ತಳ್ಳು ಕೊಡಬೇಕು. ಆ ಕೆಲಸ ಕಂಡೆನ್ಸರಿನದು. ರೋಗಿಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ನಾಲ್ಕು ಹೆಜ್ಜೆ ನಡೆಸಿ, ಕೈ ಬಿಡುವುದು. ಆ ಕೈ ಬಿಡುವ ಗಳಿಗೆಯಲ್ಲಿ ಮೋಟಾರಿನ ಹೊಟ್ಟೆಯಲ್ಲಿ ಟಕ್ ಎಂದು ಒಂದು ಸದ್ದು ಬರುತ್ತದೆ. ನಾನು ಬಹಳ ಇಷ್ಟಪಡುವ ಸದ್ದುಗಳಲ್ಲಿ ಅದೂ ಒಂದು.

ಹಾಗಾದರೆ ಅಣ್ಣನ ಲೇತಿಗೆ ಏನು ಬೇಕು? ಓಟಗಾರ ಬೇಡ, ನಡೆಯುವವನು ಸಾಕು. ಅಂದರೆ ಪಂಪಿನ ಮೋಟಾರಿನ ಅರ್ಧದಷ್ಟೇ ವೇಗದ್ದು, ಹದಿನಾಲ್ಕು ನೂರ ನಲವತ್ತರದ್ದು. ಗಾಲಿಗಳು ಉಲ್ಟಾ ಆಗಬೇಕು: ಮೋಟಾರಿಗೆ ಸಣ್ಣದು, ಲೇತಿಗೆ ದೊಡ್ಡದು. ಇನ್ನು ಬಲ. ಅಣ್ಣ ಆರೋಗ್ಯದಲ್ಲಿದ್ದಾಗ ಒಂದೇ ಕಾಲಿನಲ್ಲಿ ಇದನ್ನೆಲ್ಲ ತಿರುಗಿಸಿದ್ದಾನೆ, ನಡುನಡುವೆ ಹಾಡಿದ್ದಾನೆ, ನನ್ನ ಜೊತೆ ಜಗಳವನ್ನೂ ಆಡಿದ್ದಾನೆ. ಅರ್ಧ ಕುದುರೆಯ ಶಕ್ತಿ ಧಾರಾಳವಾಯಿತು.

ಚೌತಿ ಕಳೆದ ಮೇಲೆ ಕುಂದಾಪುರಕ್ಕೆ ಹೋದೆ. ಅಂಗಡಿಯವರು ನಾನು ಬಾಯಿ ತೆರೆಯುವ ಮೊದಲೇ ಕೈ ತೋರಿಸಿದರು.

"ಅಮ್ಮ, ಮಿಕ್ಸಿ ರಿಪೇರಿ ಆಚಿ ಅಂಗ್ಡಿ."

"ನನ್ನ ಮಿಕ್ಸಿ ಸಮಾ ಇತ್ತ್. ನಂಗ್ ಮೋಟಾರ್ ಬೇಕ್."

"ಬಾವಿಗಾ, ಕೆರಿಗಾ?"

"ಲೇತಿಗೆ."

ಅವರು ಒಮ್ಮೆ ನನ್ನನ್ನು, ಒಮ್ಮೆ ನನ್ನ ಕೊಡೆಯನ್ನು ನೋಡಿದರು. "ಮನೆಯವ್ರ್ ಬರ್ಲಿಲ್ಯಾ?"

"ಮನೆಯವ್ರಿಲ್ಲೆ. ಅಣ್ಣ ಇದ್ದ. ಅವ್ನಿಗ್ ಗೊತ್ತಾರೆ ನನ್ನನ್ನೂ ಬಪ್ಪುಕೆ ಬಿಡೂದಿಲ್ಲೆ."

ಅವರಿಗೆ ನಗು ಬಂತು. ನಗು ಬಂದ ಮೇಲೆ ವ್ಯವಹಾರ ಸುಲಭ. "ಹಾಂಗಾರೆ ಎರಡ್ ಎಚ್‌ಪಿದೇ ತಕಣಿ. ಒಂದ್ಸಲ ತಕಂಡ್ರೆ ಮತ್ತ್ ಚಿಂತಿ ಇಲ್ಲೆ."

"ಒಬ್ಬ ಮನ್ಷನ್ ಒಂದ್ ಕಾಲ್ ಮಾಡೂ ಕೆಲ್ಸಕ್ಕೆ ಎರಡ್ ಕುದ್ರಿ ಎಂತಕ್ಕೆ? ಅರ್ಧ ಸಾಕ್."

ಒಂದೊಂದಾಗಿ ಹೊರಗೆ ಬಂದವು. ಬೆನ್ನ ಮೇಲೆ ಕಂಡೆನ್ಸರೇ ಇಲ್ಲದ್ದು ಒಂದು. ಗಾಳಿ ಊದುವುದಕ್ಕೆ ಸರಿ, ಭಾರ ಹೊತ್ತು ಏಳಲಾರದು. ಯಾವಾಗಲೂ ಸಣ್ಣ ಕಂಡೆನ್ಸರಿನ ಕೈ ಹಿಡಿದುಕೊಂಡೇ ತಿರುಗುವ ಸೌಮ್ಯ ಸ್ವಭಾವದ್ದು ಇನ್ನೊಂದು, ಫ್ಯಾನಿಗೆ ಒಳ್ಳೆಯದು. ಮೂರನೆಯದು ನನ್ನದು. ಏಳುವಾಗ ಜೋರು ತಳ್ಳು ಕೊಟ್ಟು, ಟಕ್ ಎಂದು ಕೈ ಬಿಡುವಂಥದ್ದು. ಅದರ ಮೈಮೇಲಿನ ತಗಡನ್ನು, ಮಂಚದ ತುದಿಯಲ್ಲಿ ತೂಗುಹಾಕಿದ ಕೇಸ್ ಪೇಪರ್ ಓದುವ ಹಾಗೆ, ಮೇಲಿನಿಂದ ಕೆಳಗೆ ಓದಿದೆ. ವೇಗ, ಶಕ್ತಿ, ವೋಲ್ಟು. ಸಂಜೆಯವರೆಗೆ ಬಿಡದೆ ಓಡಬಲ್ಲದು ಎಂದೂ ಬರೆದಿತ್ತು.

"ಎಂತ ಕಡೂದ್, ಮರವಾ?" ಅಂಗಡಿಯವರು ಈಗ ನಿಜವಾಗಿ ಕೇಳಿದರು. "ಹಾಂಗಾರೆ ಇದ್ ಬ್ಯಾಡ, ಮೈ ಪೂರಾ ಮುಚ್ಚಿದ್ ತಕಣಿ. ಮರದ್ ಪುಡಿ ಒಳಗ್ ಹೊಕ್ರೆ ಆ ಟಕ್ ಅಂಬ ಸ್ವಿಚ್ ಕಚ್ಕಣತ್ತ್."

ಅದು ನನಗೆ ಹೊಳೆದಿರಲಿಲ್ಲ. ಮೂಗಿಗೆ ಬಟ್ಟೆ ಕಟ್ಟದೆ ಯಾರನ್ನೂ ಆಪರೇಷನ್ ಕೋಣೆಗೆ ಬಿಡದವಳಿಗೆ ಇದು ಹೊಳೆಯದಿದ್ದರೆ ಹೇಗೆ! ಅದೇ ಜಾತಿಯಲ್ಲಿ ಮುಚ್ಚಿದ ಮೈಯದ್ದನ್ನೇ ತೆಗೆದುಕೊಂಡೆ. ಆದರೆ ಓಡಿಸಿ ತೋರಿಸದೆ ಬಿಡಲಿಲ್ಲ. ಅಂಗಡಿಯವರು ಚಹಾ ತರಿಸಿ ಕುಡಿದು ಮುಗಿಸುವವರೆಗೂ ಓಡಿಸಿ, ಅಂಗೈ ಮಗುಚಿ ಬೆರಳುಗಳ ಬೆನ್ನಿನಿಂದ ಅದರ ಮೈ ಮುಟ್ಟಿ ನೋಡಿದೆ.

"ಜ್ವರ ಇತ್ತಾ ಅಮ್ಮ?" ಎಂದರು.

"ಇಲ್ಲೆ. ಡಿಸ್ಚಾರ್ಜ್ ಮಾಡಿ."

ಬೈರಾಸಿನಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೆ. ಬ್ರಹ್ಮಾವರದಲ್ಲಿ ಬಸ್ಸು ಬದಲಾಯಿಸುವಾಗ ಯಾರೋ ಹುಡುಗಿ "ಮಗುನ ಕೊಡಿ ಅಜ್ಜಿ, ನಾನ್ ಹಿಡ್ಕಂತೆ" ಎಂದು ಕೈ ಚಾಚಿದಳು. ಕೊಟ್ಟೆ. ಅವಳ ಮುಖ ನೀವು ನೋಡಬೇಕಿತ್ತು.

ಉಳಿದದ್ದು ಅಣ್ಣನ ಪ್ರಶ್ನೆ. ಕಾಲು ನಿಂತರೆ ಮರ ನಿಲ್ಲಬೇಕು. ಪ್ರತಿ ಸಲವೂ ಸ್ವಿಚ್ಚು ಹಾಕಿ ತೆಗೆದು ಮಾಡಿದರೆ ಕಂಡೆನ್ಸರು ಸುಸ್ತಾಗಿ ಸಾಯುತ್ತದೆ. ಎಷ್ಟೋ ದಿನ ಲೇತಿನ ಸುತ್ತ ರೌಂಡು ಹಾಕಿದೆ. ಒಂದು ಮಧ್ಯಾಹ್ನ ಅಣ್ಣ ಜಗಲಿಯಲ್ಲಿ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಮಲಗಿದ್ದ. ಅದನ್ನು ನೋಡಿದವಳಿಗೆ ನನ್ನ ಮೂಳೆ ವಾರ್ಡು ಕಣ್ಣ ಮುಂದೆ ಬಂತು. ತೊಡೆ ಮುರಿದವರ ಸಾಲು ಸಾಲು ಮಂಚಗಳು, ಪಾದಕ್ಕೆ ಕಟ್ಟಿದ ಹಗ್ಗ, ಹಗ್ಗಕ್ಕೊಂದು ರಾಟೆ, ರಾಟೆಯ ಆಚೆ ತೂಗುವ ಮರಳಿನ ಚೀಲ. ಚೀಲದ ಭಾರ ಸರಿಯಾಗಿದ್ದರೆ ಕಾಲು ಎಳೆಯುವುದೂ ಇಲ್ಲ, ಜೋಲುವುದೂ ಇಲ್ಲ.

ಎದ್ದು ಹೋಗಿ ಹಗ್ಗ ಹುಡುಕಿದೆ.

ಮೋಟಾರನ್ನು ಲೇತಿನ ಕೆಳಗೆ ಒಂದು ಹಲಗೆಯ ಮೇಲೆ ಬಿಗಿದೆ. ಹಲಗೆಯ ಒಂದು ಅಂಚಿಗೆ ಬಾಗಿಲಿನ ಬಿಜಾಗರಿ. ಇನ್ನೊಂದು ಅಂಚಿಗೆ ಹಗ್ಗ; ಹಗ್ಗ ಮೇಲಿನ ರಾಟೆ ಹಾದು ಆಚೆ ಮರಳಿನ ಚೀಲಕ್ಕೆ. ಚೀಲದ ಭಾರಕ್ಕೆ ಹಲಗೆ ಮೇಲೆದ್ದು ನಿಂತಿರುತ್ತದೆ, ಬೆಲ್ಟು ಸಡಿಲ. ಮೋಟಾರು ತನ್ನಷ್ಟಕ್ಕೆ ತಿರುಗುತ್ತದೆ, ಲೇತು ನಿಂತೇ ಇರುತ್ತದೆ. ಅಣ್ಣನ ಹಳೆಯ ತುಳಿಯುವ ಹಲಗೆಯನ್ನೇ ಇದಕ್ಕೆ ಜೋಡಿಸಿದೆ. ಅದರ ಮೇಲೆ ಪಾದವನ್ನು ಸುಮ್ಮನೆ ಊರಿದರೆ ಮೋಟಾರಿನ ಹಲಗೆ ತಗ್ಗಿ, ಬೆಲ್ಟು ಬಿಗಿದು, ಮರ ತಿರುಗುತ್ತದೆ. ಪಾದ ತೆಗೆದರೆ ಚೀಲ ಹಲಗೆಯನ್ನು ಮೇಲೆತ್ತುತ್ತದೆ, ಮರ ನಿಲ್ಲುತ್ತದೆ. ಮೊಣಕಾಲು ಮಡಚುವ ಕೆಲಸವೇ ಇಲ್ಲ.

ಅಣ್ಣ ಕೋಲು ಊರಿಕೊಂಡು ಬಾಗಿಲವರೆಗೆ ಬಂದು, ರಾಟೆ, ಹಗ್ಗ, ಚೀಲ ಎಲ್ಲವನ್ನೂ ನೋಡಿದ.

"ಮೋಟಾರಿಗೂ ಕಾಲ್ ಮುರೀತಾ ಹೆಣೆ?" ನಾನು ಎಷ್ಟು ಮುದುಕಿಯಾದರೂ ಅಣ್ಣನಿಗೆ ಹೆಣೆ, ಅಂದರೆ ಹುಡುಗಿಯೇ.

"ಓಡ್ಸಿ ತೋರ್ಸ್ತೆ, ಬಾ."

"ಬೆಳಿಗ್ಗೆ ಎಲ್ಲಾ ಮೋಟಾರೂ ತಿರ್ಗತ್ತ್. ಗದ್ದಿಗ್ ನೀರ್ ಬಿಡೂ ಕಾಲ ಬರ್ಲಿ. ಸಂಜಿಗ್ ಕಾಂಬ" ಎಂದು ಹಿಂದೆ ಹೋಗಿ ಕೂತ.

ಇದು ಸುಮ್ಮನೆ ಹಾಕಿದ ಷರತ್ತಲ್ಲ. ಗದ್ದೆ, ತೋಟಗಳಿಗೆ ನೀರು ಹಾಯಿಸುವ ಕಾಲದಲ್ಲಿ ಸಂಜೆಯಾದರೆ ನಮ್ಮೂರಿನ ಪಂಪುಗಳೆಲ್ಲ ಒಟ್ಟಿಗೆ ಎದ್ದು ಕರೆಂಟು ಹೀರುತ್ತವೆ. ಬಲ್ಬು ಹಣ್ಣು ಮೆಣಸಿನಕಾಯಿಯ ಹಾಗೆ ಕೆಂಪಗೆ, ಬೆಳಕಿಲ್ಲದೆ ತೂಗುತ್ತದೆ. ಅಣ್ಣ ಮರ ಕಡೆಯುತ್ತಿದ್ದುದು ಯಾವಾಗಲೂ ಸಂಜೆ ಚಹಾದ ನಂತರ, ದೀಪ ಹಚ್ಚುವವರೆಗೆ. ಆ ಹೊತ್ತಿಗೆ ಆಗದ ಮೋಟಾರು ಅವನಿಗೆ ಯಾವ ಹೊತ್ತಿಗೂ ಬೇಡ.

ಸರಿ, ಕಾದೆ. ಕಾರ್ತಿಕ ಮುಗಿಯಿತು. ಪಂಪುಗಳು ರಜೆ ಮುಗಿಸಿ ಬಂದವು. ಒಂದು ಸಂಜೆ ಗಿರಿಜಕ್ಕ ಮತ್ತೆ ಬಂದರು.

"ಆಚಾರ್ರೆ, ಹೆಣ್ಣಿಗ್ ದಿನ ಹತ್ರ ಬಂತ್. ನಾಳಿಗ್ ಕುಂದಾಪ್ರಕ್ಕೆ ಹೋಯಿ ಸ್ಟೀಲಿನ್ ತೊಟ್ಲಿಗ್ ಹೇಳ್ತೆ. ಕಡೀಗೊಂದ್ ಸಲ ಕೇಂಬ ಅಂದೇಳಿ ಬಂದೆ."

ನಾನು ಬಲ್ಬು ನೋಡಿದೆ. ಅಡುಗೆಮನೆಯ ಒಲೆಯ ಕೆಂಡಕ್ಕೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಇಷ್ಟು ಕೆಟ್ಟ ಕರೆಂಟು ಆ ವರ್ಷ ನಾನು ಕಂಡಿರಲಿಲ್ಲ.

"ಅಣ್ಣ, ಸಂಜಿ ಆಯ್ತ್" ಎಂದೆ.

ಅದೇ ಹೊತ್ತಿಗೆ ನಾರಾಯಣಣ್ಣ ಬೇಲಿ ದಾಟಿ ಓಡಿ ಬಂದರು. "ಸಿಸ್ಟ್ರಕ್ಕ, ನಿಮ್ಮಲ್ಲ್ ಕರೆಂಟ್ ಹ್ಯಾಂಗಿತ್ತ್? ನನ್ ಪಂಪ್ ಗುಂಯ್ ಅಂತ್ ಅಷ್ಟೆ, ಏಳೂದೇ ಇಲ್ಲೆ!"

ಅಣ್ಣ ಕುರ್ಚಿಯಿಂದಲೇ ನಕ್ಕ. "ಆನಿ ಎಳೂ ಕುದ್ರಿ ಮನ್ಕಂತಾ? ಹಾಂಗಾರೆ ಇವ್ಳ್ ಅರ್ಧ ಕುದ್ರಿದ್ ಕಾಂಬ." ಗಿರಿಜಕ್ಕ ಕೈ ಕೊಟ್ಟರು, ನಾನು ಕೈ ಕೊಟ್ಟೆ. ಇಬ್ಬರ ಮೇಲೂ ಭಾರ ಹಾಕಿ ಎದ್ದ. ನಾಲ್ವರೂ ಕೊಟ್ಟಿಗೆಗೆ ಹೋದೆವು.

ಸ್ವಿಚ್ಚು ಹಾಕಿದೆ.

ಗುಂಯ್ ಎಂದಿತು. ಗುಂಯ್ ಎನ್ನುತ್ತಲೇ ಇತ್ತು. ನಾರಾಯಣಣ್ಣ, "ಹ್ವಾಯ್, ಆಫ್ ಮಾಡಿ, ಸುಟ್ ಹೋತ್ತ್" ಎಂದರು. ನನ್ನ ಕೈ ಸ್ವಿಚ್ಚಿನ ಮೇಲೇ ಇತ್ತು. ತೆಗೆಯಲಿಲ್ಲ. ಅದರ ಮೇಲೆ ಭಾರವಿಲ್ಲ, ಬೆಲ್ಟು ಸಡಿಲ, ಬರೀ ತನ್ನ ಮೈಯನ್ನು ತಾನು ಎತ್ತಿಕೊಂಡರೆ ಸಾಕು. ಏಳು, ಏಳು ಎಂದೆ ಮನಸ್ಸಿನಲ್ಲೇ, ಎಷ್ಟೋ ಮಂಚಗಳ ಪಕ್ಕದಲ್ಲಿ ನಿಂತು ಹೇಳಿದ ಹಾಗೆ. ಗುಂಯ್‌ಗುಡುವ ದನಿ ಒಂದು ಮೆಟ್ಟಿಲು ಮೇಲೇರಿತು. ಗಾಲಿ ನಿಧಾನವಾಗಿ ಹೊರಳಿತು. ಮತ್ತೆ ಬೇಗ ಹೊರಳಿತು.

ಟಕ್.

ಅದರ ನಂತರ ಮೋಟಾರು ಬೆಕ್ಕು ಮಲಗಿದ ಹಾಗೆ ಗುರುಗುಟ್ಟುತ್ತ ತಿರುಗಿತು. ನಾನು ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದರೆ ಕುಣಿದುಬಿಡುತ್ತಿದ್ದೆ, ನಿವೃತ್ತ ಸಿಸ್ಟರಿಗೆ ಅದು ಶೋಭೆಯಲ್ಲ.

ಅಣ್ಣ ಲೇತಿನ ಮುಂದೆ ಹೋಗಿ ನಿಂತ. ಬಲಗಾಲಿನ ಪಾದವನ್ನು, ಬಿಸಿ ನೀರಿಗೆ ಇಡುವ ಹಾಗೆ, ಹಲಗೆಯ ಮೇಲೆ ಇಟ್ಟ. ಲೇತು ತಿರುಗಿತು. ಪಾದ ತೆಗೆದ. ನಿಂತಿತು. ಇಟ್ಟ. ತಿರುಗಿತು. ತೆಗೆದ. ನಿಂತಿತು. ಹೊಸ ಚಪ್ಪಲಿ ಸಿಕ್ಕ ಮಗುವಿನ ಹಾಗೆ ಎಷ್ಟೋ ಸಲ ಹಾಗೇ ಮಾಡಿದ.

"ಕಾಲಿಗ್ ಗೊತ್ತಾತ್ತ್" ಎಂದ, ತನಗೇ ಹೇಳಿಕೊಳ್ಳುವವನ ಹಾಗೆ. ಆಮೇಲೆ ಗಟ್ಟಿಯಾಗಿ, "ಮರ ಎಲ್ಲಿತ್ತ್?"

ಮರ! ರಾಟೆ ಇತ್ತು, ಚೀಲ ಇತ್ತು, ಗಾಲಿ ಇತ್ತು. ಕೇಸ್ ಪೇಪರಿನಲ್ಲಿ ಎಲ್ಲ ತುಂಬಿಸಿ ರೋಗಿಯ ಹೆಸರು ಬರೆಯುವುದನ್ನೇ ಬಿಟ್ಟ ಹಾಗೆ, ಲೇತಿಗೆ ಕೊಡಲು ಒಂದು ಒಣಗಿದ ಮರದ ತುಂಡನ್ನು ನಾನು ತಂದಿಟ್ಟಿರಲಿಲ್ಲ. ಮೂಲೆಯಲ್ಲಿದ್ದ ಹಳೆಯ ತುಂಡುಗಳೆಲ್ಲ ಆ ಮಳೆಗಾಲದಲ್ಲಿ ನೀರೊಲೆಗೆ ಹೋಗಿದ್ದವು. ಯಾರಿಗೂ ಬೇಕಾಗುವುದಿಲ್ಲ ಎಂದು ಅಣ್ಣನೇ ಹಾಕಿಸಿದ್ದ.

ಅಣ್ಣ ಅತ್ತಿತ್ತ ನೋಡಿದ. ಕೋಲು ಊರಿಕೊಂಡು ತಾನೇ ಜಗಲಿಗೆ ನಡೆದ. ಆರಾಮ ಕುರ್ಚಿಯ ತಲೆಯ ಕಡೆಯ ದುಂಡು ಕೋಲನ್ನು ಹಿಡಿದು ಒಂದು ಸೆಳೆತ ಸೆಳೆದ. ಕೋಲು ಕೈಗೆ ಬಂತು, ಬಟ್ಟೆ ಪುಸಕ್ಕನೆ ನೆಲಕ್ಕೆ ಬಿತ್ತು.

"ಹಲ್ಸಿಂದ್. ಸಮಾ ಒಣ್ಗಿದ್ದ್" ಎಂದು ಕೋಲನ್ನು ಬೆರಳಿನಿಂದ ತಟ್ಟಿ ನೋಡಿದ. "ಗಿರಿಜಕ್ಕ, ತೊಟ್ಲಿನ್ ನಾಕ್ ಕಾಲ್ ಇದ್ರಂಗೇ ಬತ್ತ್. ಒಳ್ದದ್ದಕ್ಕೆ ನಾಳಿಗ್ ಮರ ತತ್ತೆ."

"ಆಚಾರ್ರೆ, ಕೂಕಂಬ ಕುರ್ಚಿ ಅಲ್ದಾ ಅದ್!" ಎಂದರು ಗಿರಿಜಕ್ಕ.

"ಕೂಕಂಬುಕೆ ಪುರ್ಸೊತ್ತ್ ಯಾರಿಗಿತ್ತ್?"

ಕೆಂಪು ಬಲ್ಬಿನ ಕೆಳಗೆ ಕೋಲು ಲೇತಿಗೆ ಏರಿತು. ಉಳಿ ತಾಗಿತು. ಮೊದಲು ಮೇಲಿನ ಕಪ್ಪು ಹೋಯಿತು, ಆಮೇಲೆ ಒಳಗಿನ ಹಳದಿ ಸುರುಳಿ ಸುರುಳಿಯಾಗಿ ಇಳಿದು ಅಣ್ಣನ ಪಾದದ ಮೇಲೆ ಬಿತ್ತು. ನಾರಾಯಣಣ್ಣ ತಮ್ಮ ಪಂಪನ್ನು ಮರೆತು ಬಾಯಿ ತೆರೆದು ನಿಂತಿದ್ದರು. ನಾನು ಹಗ್ಗ ಸರಿಯಾಗಿದೆಯೇ, ಚೀಲ ತೂಗುತ್ತಿದೆಯೇ, ಮೋಟಾರಿನ ಮೈ ಬಿಸಿಯಾಯಿತೇ ಎಂದು ಸುತ್ತ ರೌಂಡು ಹಾಕುತ್ತಲೇ ಇದ್ದೆ.

ಅಣ್ಣ ಕಣ್ಣೆತ್ತದೆ ನನಗೆ ರಜೆ ಕೊಟ್ಟ: "ಇನ್ನ್ ನೀ ಹೋಯ್ಲಕ್ಕ್ ಹೆಣೆ."

ಹೋದೆ. ಹೋಗುವ ಮೊದಲು ಬಗ್ಗಿ ಒಂದು ಸುರುಳಿ ಎತ್ತಿಕೊಂಡು ಕೈಗೆ ಸುತ್ತಿಕೊಂಡೆ. ಜಗಲಿಯಲ್ಲಿ ಕುರ್ಚಿಯ ಬಟ್ಟೆ ಬಿದ್ದಿತ್ತು. ಅದನ್ನು ಕೊಡವಿ, ಅಂಚಿಗೆ ಅಂಚು ಕೂಡಿಸಿ, ಮನೆಗೆ ಹೋದ ರೋಗಿಯ ಹಾಸಿಗೆಯ ಬಟ್ಟೆಯನ್ನು ಮಡಚುವ ಹಾಗೆ ಮಡಚಿ ಒಗೆಯಲು ಹಾಕಿದೆ.